ಕ್ಷೇತ್ರ ಪರಿಮಾಣ: ಕುಂದಾಪುರ ಸೀಮೆಯ ಭೂಮಿ, ಜಾತಿ ಮತ್ತು ಶ್ರಾವಕಧರ್ಮ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳು ಪರಿಗ್ರಹವನ್ನು ಸಂಪೂರ್ಣವಾಗಿ ತೊರೆಯುತ್ತಾರೆ. ಗೃಹಸ್ಥನಾದರೋ ಅದಕ್ಕೆ ತಾನೇ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುವಾಗ, ಗೃಹಸ್ಥನು ಯಾವ ಯಾವ ವಸ್ತುಗಳಲ್ಲಿ ಮಿತಿಯನ್ನು ಮೀರಬಾರದೆಂಬುದನ್ನು ಸಾಲಾಗಿ ಹೇಳಿದ್ದಾರೆ. ಆ ಸಾಲಿನ ಮೊದಲ ಹೆಸರು ಕ್ಷೇತ್ರ, ಅಂದರೆ ಬೆಳೆಯುವ ಭೂಮಿ. ಬಳಿಕ ಮನೆ, ಬೆಳ್ಳಿ, ಬಂಗಾರ, ಗೋಧನ, ಧಾನ್ಯ ಬರುತ್ತವೆ. ಅವುಗಳ ಬೆನ್ನಿಗೇ ದಾಸಿ ಮತ್ತು ದಾಸರು ಬರುತ್ತಾರೆ.

ಭೂಮಿಯಿಂದ ತೊಡಗಿದ ಪಟ್ಟಿ ಆಳುಗಳವರೆಗೆ ಸಾಗಿದ್ದು ಆಕಸ್ಮಿಕವಲ್ಲ. ಒಬ್ಬನ ಎರಡು ಕೈಗಳು ಉತ್ತು ಬಿತ್ತಬಲ್ಲ ಗದ್ದೆಗೆ ಒಂದು ಪ್ರಮಾಣವಿದೆ. ಅದನ್ನು ಮೀರಿದ ಪ್ರತಿ ಗದ್ದೆಗೂ ಬೇರೆಯವರ ಕೈಗಳು ಬೇಕು. ಆದುದರಿಂದ ಭೂಮಿಯ ಪ್ರಶ್ನೆಯನ್ನು ಎತ್ತಿಕೊಂಡವನು ಆ ಭೂಮಿಯಲ್ಲಿ ದುಡಿದವರ ಪ್ರಶ್ನೆಯನ್ನು ಬಿಡುವಂತಿಲ್ಲ. ಇಂದಿನ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಭೂಮಿಯ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದಾಗ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಶಾಸನಗಳು ಹೇಳುವುದು

ಈ ಸೀಮೆಯಲ್ಲಿ ಇಂದು ಜೈನ ಮನೆಗಳು ವಿರಳ. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿಗಳ ಕಡೆ ಕಾಣುವ ಜೈನ ಜನಸಂಖ್ಯೆ ಸೀತಾನದಿಯ ಉತ್ತರಕ್ಕೆ ಇಲ್ಲ. ಹಿಂದೆ ಹೀಗಿರಲಿಲ್ಲ. ಬ್ರಹ್ಮಾವರದ ಸಮೀಪದ ಬಾರಕೂರು ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಪಟ್ಟಣ. ಅಲ್ಲಿಯ ಕತ್ತಲೆ ಬಸದಿಯ ಅವಶೇಷಗಳು ಇಂದಿಗೂ ಆ ವೈಭವಕ್ಕೆ ಸಾಕ್ಷಿಯಾಗಿ ನಿಂತಿವೆ. ಸೂರಾಲಿನ ತೊಳಹ ಅರಸರು, ಹೊನ್ನೆಯಕಂಬಳಿ ಅರಸರು ಜಿನಧರ್ಮಕ್ಕೆ ಆಶ್ರಯವಿತ್ತವರು. ಹಟ್ಟಿಯಂಗಡಿಯಲ್ಲಿ ಚಂದ್ರನಾಥ ಸ್ವಾಮಿಯ ಬಸದಿ ಇದೆ. ಬೈಂದೂರನ್ನು ದಾಟಿ ಉತ್ತರಕ್ಕೆ ನಡೆದರೆ ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳ ಜೈನ ಅರಸೊತ್ತಿಗೆಗಳ ನೆಲ.

ಅರಸರೂ ಸೆಟ್ಟಿಗಳೂ ಬಸದಿಗಳನ್ನು ಕಟ್ಟಿಸಿದಾಗ ಪೂಜೆ, ಅಭಿಷೇಕ, ನಂದಾದೀಪ, ಮುನಿಗಳ ಆಹಾರದಾನ ನಿರಂತರವಾಗಿ ನಡೆಯಲೆಂದು ಭೂಮಿಯನ್ನು ಬಿಟ್ಟರು. ನೆರೆಯ ವರಂಗದ ನೇಮಿನಾಥ ಬಸದಿಗೆ 1424ರಲ್ಲಿ ವಿಜಯನಗರದ ದೇವರಾಯನು ವರಂಗ ಗ್ರಾಮವನ್ನೇ ದಾನವಾಗಿ ಕೊಟ್ಟುದು ಇದಕ್ಕೆ ಪ್ರಸಿದ್ಧ ನಿದರ್ಶನ. ಕರಾವಳಿಯ ದಾನಶಾಸನಗಳಿಗೆ ಒಂದು ಸಾಮಾನ್ಯ ಕ್ರಮವಿದೆ. ದಾನಿಯ ಹೆಸರು, ದಾನ ಪಡೆದ ದೇವರ ಹೆಸರು, ಭೂಮಿಯ ನಾಲ್ಕು ದಿಕ್ಕಿನ ಗಡಿ, ಅದರಲ್ಲಿ ಎಷ್ಟು ಮುಡಿ ಬೀಜ ಬಿತ್ತಬಹುದೆಂಬ ಅಳತೆ, ಅದರಿಂದ ಬರಬೇಕಾದ ಅಕ್ಕಿಯ ಲೆಕ್ಕ ಇವೆಲ್ಲ ಅದರಲ್ಲಿ ಇರುತ್ತವೆ. ದಾನಕ್ಕೆ ತಪ್ಪಿದವನಿಗೆ ತಟ್ಟುವ ಪಾಪವೂ ಕೊನೆಯಲ್ಲಿ ಉಕ್ತವಾಗಿರುತ್ತದೆ.

ಈ ಶಾಸನಗಳು ಧರ್ಮಪ್ರಭಾವನೆಯ ಅಮೂಲ್ಯ ದಾಖಲೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಕಾಣಸಿಗದ ಒಂದು ಹೆಸರಿದೆ. ಕೆಸರಿನಲ್ಲಿ ನಿಂತು ನೇಜಿ ನೆಟ್ಟು, ತೆನೆ ಕೊಯ್ದು, ಬಡಿದು, ಮುಡಿ ಕಟ್ಟಿದವರ ಹೆಸರು ಅದು. ಒಕ್ಕಲಿನ ಪ್ರಸ್ತಾಪ ಅಲ್ಲಲ್ಲಿ ಬಂದರೂ ಒಕ್ಕಲಿನ ಕೈಕೆಳಗೆ ದುಡಿದ ಆಳಿನ ಪ್ರಸ್ತಾಪ ದುರ್ಲಭ. ನಂದಾದೀಪದ ಎಣ್ಣೆಗೂ ಆಹಾರದಾನದ ಅನ್ನಕ್ಕೂ ಮೂಲವಾದ ದುಡಿಮೆ ಕಲ್ಲಿನ ಮೇಲೆ ಬರಲಿಲ್ಲ. ಮುಂದಿನ ಶತಮಾನಗಳ ಕಾಗದಪತ್ರಗಳಲ್ಲಿಯೂ ಈ ಕೊರತೆ ಹೀಗೆಯೇ ಮುಂದುವರಿಯಿತು.

ಗದ್ದೆಯ ಮೇಲಿನ ಹಕ್ಕುಗಳು

ಘಟ್ಟದ ಮೇಲಿನ ಬಯಲುಸೀಮೆಯಂತೆ ಕರಾವಳಿಯಲ್ಲಿ ಮನೆಗಳು ಒತ್ತಾಗಿ ಸೇರಿದ ಊರು ಇಲ್ಲ. ಗುಡ್ಡದ ಬುಡದಲ್ಲಿ, ಗದ್ದೆಯ ಅಂಚಿನಲ್ಲಿ ಒಂದೊಂದು ಮನೆ. ಅದರ ಸುತ್ತ ಅದಕ್ಕೆ ಸೇರಿದ ಭೂಮಿ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ನಡುವಿನದು ಮಜಲು, ಮಳೆನೀರನ್ನೇ ನಂಬಿದ ಎತ್ತರದ್ದು ಬೆಟ್ಟು. ಬೈಲು ಗದ್ದೆ ಕಾರ್ತಿ, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲದು. ಬೆಟ್ಟು ಗದ್ದೆಗೆ ಒಂದೇ ಬೆಳೆ. ಯಾರ ಪಾಲಿಗೆ ಬೈಲು ಬಂತು, ಯಾರ ಪಾಲಿಗೆ ಬೆಟ್ಟು ಬಂತು ಎಂಬುದನ್ನು ನೋಡಿದರೇ ಒಂದು ಗ್ರಾಮದ ಸ್ಥಿತಿಗತಿ ಅರ್ಧದಷ್ಟು ತಿಳಿಯುತ್ತದೆ.

ಒಂದೇ ಗದ್ದೆಯ ಮೇಲೆ ಹಲವರ ಹಕ್ಕುಗಳು ಒಂದರ ಮೇಲೊಂದು ಕುಳಿತಿದ್ದವು. ಸರ್ಕಾರಕ್ಕೆ ತೀರ್ವೆ ಕಟ್ಟುವವನು ಮೂಲಿ ಅಥವಾ ವರ್ಗದಾರ. ಅವನ ಕೆಳಗೆ ಮೂಲಗೇಣಿದಾರ. ಇವನ ಗೇಣಿ ಶಾಶ್ವತ, ಅದರ ಮೊತ್ತ ಸ್ಥಿರ, ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಸಲ್ಲುವಂಥದು. ಅವನ ಕೆಳಗೆ ಚಾಲಗೇಣಿದಾರ. ಇವನನ್ನು ಒಡೆಯನು ಬಿಡಿಸಬಹುದು, ಗೇಣಿಯನ್ನು ಏರಿಸಬಹುದು. ಅನೇಕ ಕಡೆ ಚಾಲಗೇಣಿ ಬೆಳೆಯ ಅರ್ಧಭಾಗವನ್ನೋ ಅದಕ್ಕೂ ಮಿಕ್ಕಿದ್ದನ್ನೋ ನುಂಗುತ್ತಿತ್ತು. ಹಬ್ಬಹರಿದಿನಗಳಲ್ಲಿ ಬಾಳೆಗೊನೆ, ತರಕಾರಿಗಳನ್ನು ಒಡೆಯನ ಮನೆಗೆ ಒಯ್ಯುವುದು, ಕರೆದಾಗ ಬಿಟ್ಟಿ ಕೆಲಸಕ್ಕೆ ಹೋಗುವುದು ಇವೆಲ್ಲ ಗೇಣಿಚೀಟಿಯ ಹೊರಗಿನ ಬಾಧ್ಯತೆಗಳು. ಎಲ್ಲರಿಗಿಂತ ಕೆಳಗೆ ಮೂಲದಾಳು. ಅವನಿಗೆ ಗೇಣಿಯೂ ಇಲ್ಲ, ಚೀಟಿಯೂ ಇಲ್ಲ. ದಿನದ ಪಡಿ ಮತ್ತು ಒಡೆಯನ ಜಾಗದಲ್ಲಿ ಒಂದು ಗುಡಿಸಲು ಮಾತ್ರ.

ಹಕ್ಕಿನ ಈ ಮೆಟ್ಟಿಲುಗಳಿಗೂ ಜಾತಿಯ ಮೆಟ್ಟಿಲುಗಳಿಗೂ ಬಹುಮಟ್ಟಿಗೆ ಹೊಂದಾಣಿಕೆ ಇತ್ತು. ವರ್ಗದಾರರಲ್ಲಿ ಬ್ರಾಹ್ಮಣರು, ಬಂಟರು ಮತ್ತು ನಾಡವರು, ಜೈನರು, ದೇವಸ್ಥಾನಗಳು, ಮಠಗಳು, ಬಸದಿಗಳು ಪ್ರಮುಖರು. ಗೇಣಿದಾರರಲ್ಲಿ ಬಡ ಬಂಟರ ಜೊತೆಗೆ ಬಿಲ್ಲವರು, ದೇವಾಡಿಗರು, ಮೊಗವೀರರು, ಕುಡುಬಿಯವರು, ಕ್ರೈಸ್ತರು ಇದ್ದರು. ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು ಆಳುಗಳಾಗಿಯೇ ಉಳಿದರು. ಕೊರಗರು ಈ ಲೆಕ್ಕಕ್ಕೂ ಹೊರಗೆ ನಿಂತು ಬುಟ್ಟಿ ಹೆಣೆದು, ಕಾಡುತ್ಪತ್ತಿ ಆಯ್ದು, ಊರಿನ ಕೀಳು ಚಾಕರಿಗಳಿಂದ ಹೊಟ್ಟೆ ಹೊರೆದರು. ಎಲ್ಲ ಬಂಟರೂ ಒಡೆಯರಾಗಿರಲಿಲ್ಲ. ಎಲ್ಲ ಜೈನರೂ ಶ್ರೀಮಂತರಾಗಿರಲಿಲ್ಲ. ಆದರೆ ಹುಟ್ಟಿನಿಂದ ಆಳಾದವನು ವರ್ಗದಾರನಾಗುವ ಮಾರ್ಗ ಈ ವ್ಯವಸ್ಥೆಯಲ್ಲಿ ಮುಚ್ಚಿಯೇ ಇತ್ತು.

ಭೂಮಿ ಕೆಲವೇ ಮನೆತನಗಳಲ್ಲಿ ನಿಲ್ಲಲು ಅಳಿಯಸಂತಾನವೂ ನೆರವಾಯಿತು. ಈ ಕಟ್ಟಳೆಯ ಮೂಲವನ್ನು ಬಾರಕೂರಿನ ಭೂತಾಳಪಾಂಡ್ಯನಿಗೆ ಜೋಡಿಸುವ ಐತಿಹ್ಯ ಪ್ರಸಿದ್ಧವಾದುದು. ತುಳುನಾಡಿನ ಬಂಟರಂತೆ ಇಲ್ಲಿಯ ಬಹುತೇಕ ಜೈನರೂ ಈ ಪದ್ಧತಿಯಲ್ಲಿ ನಡೆದವರು. ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು, ಯಜಮಾನನ ಆಡಳಿತದಲ್ಲಿ ಪಾಲಾಗದೆ ಉಳಿಯಿತು. 1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆಯುವವರೆಗೂ ವಿಶಾಲವಾದ ಹಿಡುವಳಿಗಳು ಇಡಿಯಾಗಿಯೇ ನಿಂತವು. ಅಷ್ಟು ಭೂಮಿಯನ್ನು ಸ್ವತಃ ಬೇಸಾಯ ಮಾಡಿಸಲಾಗದೆ ಗೇಣಿಗೆ ಕೊಡುವುದು ಸಹಜವಾಯಿತು.

ಕಂಪೆನಿ ಸರ್ಕಾರದ ಲೆಕ್ಕ

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೆನರಾ ಕಂಪೆನಿ ಸರ್ಕಾರದ ವಶವಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1800ರಲ್ಲಿ ಬರೆದ ವರದಿಗಳಲ್ಲಿ, ಈ ಜಿಲ್ಲೆಯ ಭೂಮಿ ಖಾಸಗಿ ಸ್ವತ್ತಾಗಿದ್ದು ಕ್ರಯ, ದಾನ, ಅಡಮಾನಗಳಿಗೆ ಒಳಪಟ್ಟಿದೆಯೆಂಬುದನ್ನು ಒತ್ತಿ ಹೇಳಿದನು. ಹೀಗೆ ವರ್ಗದಾರನ ಹಕ್ಕಿಗೆ ಹೊಸ ಸರ್ಕಾರದ ಮುದ್ರೆ ಬಿತ್ತು. 1801ರ ಆರಂಭದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಬಸದಿಗಳ ವಿಚಾರವನ್ನೂ ಜೈನರ ಆಚಾರಗಳನ್ನೂ ದಾಖಲಿಸಿದ್ದಾನೆ. ಅದೇ ಗ್ರಂಥದಲ್ಲಿ ಭೂಮಾಲೀಕರು ಆಳುಗಳನ್ನು ಕೊಂಡು ದುಡಿಸುತ್ತಿದ್ದ ಸಂಗತಿಯೂ ಇದೆ. ಎರಡನ್ನೂ ಒಬ್ಬನೇ ಪ್ರವಾಸಿ ಒಂದೇ ಪ್ರವಾಸದಲ್ಲಿ ಕಂಡನೆಂಬುದು ಚಿಂತನೆಗೆ ಅರ್ಹವಾದ ವಿಷಯ.

1830-31ರಲ್ಲಿ ತೀರ್ವೆಯ ಭಾರವನ್ನು ವಿರೋಧಿಸಿ ಕೆನರಾದ ರೈತರು ಕೂಟಗಳಾಗಿ ಸೇರಿ ಪ್ರತಿಭಟಿಸಿದರು. ಸರ್ಕಾರ ಅವರ ಅಹವಾಲನ್ನು ಕೇಳಬೇಕಾಯಿತು. ಆದರೆ ಕೂಟದಲ್ಲಿ ಮಾತನಾಡಿದವರು ತೀರ್ವೆ ಕಟ್ಟುವವರು. ತೀರ್ವೆಯ ಪಟ್ಟಿಯಲ್ಲಿ ಇಲ್ಲದ ಆಳಿಗೆ ಅಹವಾಲು ಹೇಳುವ ಸ್ಥಾನವೇ ಇರಲಿಲ್ಲ. 1843ರ ಐದನೆಯ ಕಾಯ್ದೆ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಅದರಿಂದ ಆಳು ಕಾನೂನಿನಲ್ಲಿ ಸ್ವತಂತ್ರನಾದನೇ ಹೊರತು ಅವನ ಗುಡಿಸಲಿನ ನೆಲ ಅವನದಾಗಲಿಲ್ಲ. ಸಾಲ, ಪಡಿ, ಗುಡಿಸಲು ಈ ಮೂರು ಹಗ್ಗಗಳು ಅವನನ್ನು ಅದೇ ಅಂಗಳಕ್ಕೆ ಕಟ್ಟಿದವು.

ಬ್ರಿಟಿಷರ ಕಾಲದಲ್ಲಿ ವ್ಯವಸ್ಥಿತಗೊಂಡ ಇನ್ನೊಂದು ಸಂಗತಿ ಕುಮ್ಕಿ. ಫಸಲಿ 1276ಕ್ಕೆ, ಅಂದರೆ 1866-67ಕ್ಕೆ, ಮುಂಚಿನ ವರ್ಗಭೂಮಿಯ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ವಿಶೇಷ ಸವಲತ್ತು ವರ್ಗದಾರನಿಗೆ ದೊರೆಯಿತು. ಗದ್ದೆಗೆ ಸೊಪ್ಪಿನ ಗೊಬ್ಬರ ಅನಿವಾರ್ಯವಾದ ಈ ಪ್ರದೇಶದಲ್ಲಿ ಅದು ನ್ಯಾಯವಾದುದೇ. ಆದರೆ ಪರಿಣಾಮ ಬೇರೆಯೂ ಆಯಿತು. ಭೂಮಿಯಿಲ್ಲದವನು ಒಂದು ಗುಡಿಸಲು ಕಟ್ಟಲು ಹೊರಟರೆ ಸರ್ಕಾರಿ ಗುಡ್ಡದಲ್ಲಿಯೂ ಅವನು ಯಾರದೋ ಕುಮ್ಕಿಯನ್ನು ತುಳಿಯಬೇಕಾಯಿತು. ಕುಮ್ಕಿ ಒಡೆತನವಲ್ಲ, ಸವಲತ್ತು ಮಾತ್ರ ಎಂಬ ಭೇದ ಕಾಗದದಲ್ಲಿ ಸ್ಪಷ್ಟವಿದ್ದರೂ ವ್ಯವಹಾರದಲ್ಲಿ ಮಸುಕಾಯಿತು. ಮನೆ ನಿವೇಶನಗಳ ಎಷ್ಟೋ ವ್ಯಾಜ್ಯಗಳ ಬೇರು ಇಲ್ಲಿದೆ.

1974ರ ಕಾಯ್ದೆ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಅದರಲ್ಲಿ ಒಡೆಯನು ಭೂಮಿಯನ್ನು ಮರಳಿ ಪಡೆಯಲು ಅವಕಾಶಗಳಿದ್ದವು. ನಿಜವಾದ ಬದಲಾವಣೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಿಂದ ಆಯಿತು. 1974ರ ಮಾರ್ಚ್ 1ರಂದು ಗೇಣಿಗೆ ಕೊಟ್ಟಿದ್ದ ಸಮಸ್ತ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ರುಜುವಾತುಪಡಿಸಿದರೆ ಅಧಿಭೋಗದ ಹಕ್ಕು ಅವನಿಗೆ. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೋರ್ಟು ಕಚೇರಿಯ ಖರ್ಚಿಗೆ ಹೆದರುವ ಗೇಣಿದಾರನಿಗೆ ಇದೇ ದೊಡ್ಡ ರಕ್ಷೆ.

ಅರ್ಜಿ ಸಲ್ಲಿಸುವ ಅವಧಿ ಹಲವು ಸಲ ವಿಸ್ತರಣೆಗೊಂಡು 1979ರ ಜೂನ್ 30ಕ್ಕೆ ಮುಗಿಯಿತು. ರಾಜ್ಯದಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅದರಲ್ಲಿ ಗೇಣಿ ಪದ್ಧತಿ ದಟ್ಟವಾಗಿದ್ದ ದಕ್ಷಿಣ ಕನ್ನಡದ ಪಾಲು ಬಹು ದೊಡ್ಡದು. ತಲೆಮಾರುಗಳಿಂದ ಮುಡಿ ಹೊತ್ತು ಒಡೆಯನ ಅಂಗಳಕ್ಕೆ ನಡೆದವರು ತಮ್ಮ ಅಂಗಳದಲ್ಲಿಯೇ ಅಕ್ಕಿ ಇಟ್ಟುಕೊಂಡರು. ಅವರ ಮಕ್ಕಳು ಶಾಲೆ, ಕಾಲೇಜುಗಳ ಮೆಟ್ಟಿಲು ಹತ್ತಿದರು. ಅಂಗಳದ ಕೆಳಗೆ ನಿಂತು ಮಾತನಾಡುತ್ತಿದ್ದವರು ಜಗಲಿಯ ಮೇಲೆ ಕುಳಿತು ಮಾತನಾಡಿದರು. ಹಿಂಸೆಯಿಲ್ಲದೆ ನಡೆದ ಇಷ್ಟು ದೊಡ್ಡ ಸ್ಥಿತ್ಯಂತರ ನಾಡಿನ ಇತಿಹಾಸದಲ್ಲಿ ಅಪೂರ್ವ.

ಬಸದಿಗಳ ಅಳಲು

ಜೈನ ಸಮಾಜದಲ್ಲಿ ಈ ಕಾಯ್ದೆಯ ಸ್ಮರಣೆ ಇಂದಿಗೂ ಕಹಿಯಾಗಿಯೇ ಇದೆ. ಅದಕ್ಕೆ ಕಾರಣವಿಲ್ಲದಿಲ್ಲ. ಬಸದಿಯ ಭೂಮಿ ಬಹುಪಾಲು ಗೇಣಿಯಲ್ಲಿತ್ತು. ಅದು ಹೋದ ಮೇಲೆ ಸಂಸ್ಥೆಗಳಿಗೆ ಸರ್ಕಾರದ ವಾರ್ಷಿಕ ತಸ್ತೀಕು ಮಾತ್ರ ಉಳಿಯಿತು. ಬೆಲೆಯೇರಿಕೆಯ ಮುಂದೆ ಆ ಮೊತ್ತ ವರ್ಷ ವರ್ಷಕ್ಕೆ ಕಿರಿದಾಯಿತು. ಶ್ರಾವಕರ ಮನೆಗಳಿಲ್ಲದ ಊರುಗಳಲ್ಲಿ ಒಬ್ಬ ಇಂದ್ರರು ಹೇಗೋ ನಿತ್ಯಪೂಜೆಯನ್ನು ನಡೆಸಿಕೊಂಡು ಬಂದರು. ಕೆಲವೆಡೆ ಅದೂ ನಿಂತಿತು. ಮನೆತನಗಳ ವಿಷಯದಲ್ಲಿಯೂ ಹೀಗೆಯೇ. ವೃದ್ಧರು, ವಿಧವೆಯರು, ದೂರದ ಊರಿನಲ್ಲಿ ಸಣ್ಣ ನೌಕರಿಯಲ್ಲಿದ್ದವರು ತಮ್ಮ ಎರಡು ಮೂರು ಎಕರೆಯನ್ನು ಗೇಣಿಗೆ ಕೊಟ್ಟಿದ್ದರೆ ಅದು ಪೂರ್ತಿಯಾಗಿ ಹೋಯಿತು. ಆಳುಗಳನ್ನು ಇಟ್ಟು ದೊಡ್ಡ ಸ್ವಂತ ಬೇಸಾಯ ಮಾಡಿಸುತ್ತಿದ್ದವನ ಭೂಮಿ ಮಾತ್ರ ಮಿತಿಯೊಳಗೆ ಉಳಿಯಿತು. ಇದನ್ನು ಅನ್ಯಾಯವೆಂದು ಭಾವಿಸುವವರ ನೋವನ್ನು ಅಲ್ಲಗಳೆಯಲಾಗದು.

ಆದರೆ ನೋವು ಸತ್ಯವಾದ ಮಾತ್ರಕ್ಕೆ ಅದು ಪೂರ್ಣ ಸತ್ಯವಾಗುವುದಿಲ್ಲ. ಅನೇಕಾಂತ ದೃಷ್ಟಿ ಕಲಿಸುವುದು ಇದನ್ನೇ. ಒಡೆಯನ ಕಡೆಯಿಂದ ನೋಡಿದರೆ ಅದು ಪೂರ್ವಾರ್ಜಿತ ಸ್ವತ್ತು. ಬಸದಿಯ ಕಡೆಯಿಂದ ನೋಡಿದರೆ ಧರ್ಮಕ್ಕೆ ಬಿಟ್ಟ ದತ್ತಿ. ಗೇಣಿದಾರನ ಕಡೆಯಿಂದ ನೋಡಿದರೆ ಅಜ್ಜನ ಕಾಲದಿಂದ ಬೆವರು ಸುರಿಸಿದ ನೆಲ. ಮೂರೂ ನಿಜ. ದೀಪಕ್ಕೆಂದು ದಾನಿಯು ಕೊಟ್ಟುದು ಭೂಮಿಯನ್ನು. ದೀಪ ಉರಿದದ್ದು ಗೇಣಿದಾರನು ಅಳೆದ ಅಕ್ಕಿಯಿಂದ. ದಾನಿಯ ಪುಣ್ಯವನ್ನು ಕೊಂಡಾಡುವ ಸಮಾಜ ಆ ಅಕ್ಕಿಯ ಋಣವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನೂ ಒಂದು ಮಾತು. ಭೂಮಿಗೆ ಮಿತಿ ಹಾಕಬೇಕೆಂಬುದು ವಿಧಾನಸಭೆಯ ಹೊಸ ಕಲ್ಪನೆಯಲ್ಲ. ಶ್ರಾವಕಾಚಾರಗಳು ಅದನ್ನು ಸಾವಿರಾರು ವರ್ಷ ಮೊದಲೇ ಗೃಹಸ್ಥನ ಮುಂದಿಟ್ಟಿದ್ದವು. 1951ರಲ್ಲಿ ವಿನೋಬಾ ಭಾವೆಯವರು ಭೂದಾನವನ್ನು ಆರಂಭಿಸಿ ಒಡೆಯರ ಸ್ವ ಇಚ್ಛೆಗೆ ಮೊರೆಯಿಟ್ಟರು. ಸ್ವ ಇಚ್ಛೆಯಿಂದ ಎಲ್ಲೆ ಹಾಕಿಕೊಂಡವರು ಎಲ್ಲ ಸಮಾಜಗಳಲ್ಲಿಯೂ ಕಡಿಮೆಯಾದುದರಿಂದಲೇ ಕಾನೂನಿಗೆ ಎಲ್ಲೆ ಹಾಕುವ ಕೆಲಸ ಬಿತ್ತು. ವ್ರತವಾಗಿ ಬಿಟ್ಟಿದ್ದರೆ ಅದು ತ್ಯಾಗವಾಗುತ್ತಿತ್ತು. ಕಾಯ್ದೆಯಿಂದ ಹೋದುದು ನಷ್ಟವಾಯಿತು. ಭೂಮಿ ಅಷ್ಟೇ, ಬಿಟ್ಟ ರೀತಿ ಬೇರೆ.

ಅರ್ಜಿ ಹಾಕಲಾರದವರು

1974ರ ಕಾಯ್ದೆಯ ಪ್ರಶಂಸಕರೂ ಟೀಕಾಕಾರರೂ ಹೆಚ್ಚಾಗಿ ಒಡೆಯ ಮತ್ತು ಗೇಣಿದಾರ ಇಬ್ಬರ ಬಗೆಗೆ ಮಾತ್ರ ಮಾತನಾಡುತ್ತಾರೆ. ಮೂರನೆಯವನೊಬ್ಬ ಇದ್ದನು. ಕಾಯ್ದೆಯ ಪ್ರಕಾರ ಒಡೆಯನ ಮೇಲ್ವಿಚಾರಣೆಯಲ್ಲಿ ಹಣ ಅಥವಾ ಧಾನ್ಯದ ಕೂಲಿಗೆ ದುಡಿಯುವ ಆಳು ಗೇಣಿದಾರನೆನಿಸಿಕೊಳ್ಳುವುದಿಲ್ಲ. ಕೂಲಿಯಾಳುಗಳಿಂದ ಮಾಡಿಸಿದ ಬೇಸಾಯವೂ ಒಡೆಯನ ವೈಯಕ್ತಿಕ ಸಾಗುವಳಿಯೇ. ಹೀಗಾಗಿ ಗದ್ದೆಯಲ್ಲಿ ಅತಿ ಹೆಚ್ಚು ದಿನ ನಿಂತವನಿಗೆ 7ನೆಯ ನಮೂನೆ ತುಂಬುವ ಅರ್ಹತೆಯೇ ಇರಲಿಲ್ಲ. ಶಾಸನದಲ್ಲಿ, ಮನ್ರೋವಿನ ವರ್ಗದ ಲೆಕ್ಕದಲ್ಲಿ, ಕೂಟದ ಅಹವಾಲಿನಲ್ಲಿ ಕಾಣದಿದ್ದ ಹೆಸರು ಭೂನ್ಯಾಯಮಂಡಳಿಯ ಕಡತದಲ್ಲಿಯೂ ಕಾಣಲಿಲ್ಲ.

ಕೃಷಿ ಕೂಲಿಕಾರನು ಬೇರೆಯವರ ಭೂಮಿಯಲ್ಲಿ ಕಟ್ಟಿಕೊಂಡಿದ್ದ ವಾಸದ ಮನೆಯೂ ಅದರ ಅಡಿಸ್ಥಳವೂ ಅವನಿಗೆ ಸಲ್ಲುವಂತೆ ಕಾಯ್ದೆಯಲ್ಲಿ ಅವಕಾಶವಿತ್ತು. ಅದು ದೊಡ್ಡ ಉಪಕಾರವೇ. 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗದಂತೆ 1978ರಲ್ಲಿ ರಾಜ್ಯ ಕಾಯ್ದೆಯೊಂದು ಬಂತು. ಇಷ್ಟಾದರೂ ಉಳುವ ಭೂಮಿ ಎಂಬುದು ಆಳಿನ ಮಕ್ಕಳಿಗೆ ಬಹುಮಟ್ಟಿಗೆ ದೂರವೇ ಉಳಿಯಿತು. ಹೊಸದಾಗಿ ಒಡೆಯರಾದ ಗೇಣಿದಾರರೂ ಅದೇ ಆಳುಗಳನ್ನು ಅದೇ ಕೂಲಿಗೆ ಕರೆದರು. ಮೇಲಿನ ಮೆಟ್ಟಿಲು ಕುಸಿದು ನಡುವಿನ ಮೆಟ್ಟಿಲು ಮೇಲಾಯಿತು. ಕೆಳಗಿನದು ಇದ್ದಲ್ಲೇ ಇತ್ತು.

ಬ್ರಹ್ಮಾವರ ಸಮೀಪದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಇದನ್ನು ಕಾಯ್ದೆಗೆ 40 ವರ್ಷ ಮೊದಲೇ ಕಂಡಿದ್ದರು. 1933ರ ಚೋಮನ ದುಡಿ ಕಾದಂಬರಿಯ ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳುಗಳಿವೆ. ಗೇಣಿಗೆ ಒಂದು ತುಂಡು ಭೂಮಿ ಮಾತ್ರ ಸಿಗುವುದಿಲ್ಲ. ಅಡ್ಡ ನಿಂತದ್ದು ಅವನ ಜಾತಿ. ಗೇಣಿದಾರನಾಗುವುದಕ್ಕೂ ಜಾತಿ ಬೇಕಾಗಿದ್ದ ಕಾಲದಲ್ಲಿ, ಗೇಣಿದಾರನಿಗೇ ಭೂಮಿಯೆಂಬ ನಿಯಮ ಚೋಮನಂಥವರನ್ನು ಮುಟ್ಟುವುದು ಹೇಗೆ?

ಕೊರಗರ ಪಾಡು ಇನ್ನೂ ಕಠಿಣ. ಆಹಾರದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದು, ಕಂಬಳದ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಮುಂತಾದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಪ್ರತಿಯೊಂದು ಕೊರಗ ಕುಟುಂಬಕ್ಕೂ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು 1990ರ ದಶಕದಲ್ಲಿ ಮಹಮ್ಮದ್ ಪೀರ್ ಅವರ ವರದಿ ಸರ್ಕಾರಕ್ಕೆ ಶಿಫಾರಸು ಮಾಡಿತು. ಕೊರಗ ಸಂಘಟನೆಗಳ ಮುಖ್ಯ ಬೇಡಿಕೆ ಅಂದಿನಿಂದಲೂ ಭೂಮಿಯೇ.

ಆಗಮದ ಅಳತೆಗೋಲು

ಜೈನ ಸಮಾಜ ಈ ವ್ಯವಸ್ಥೆಯೊಳಗೆ ಬದುಕಿದುದು ಇತಿಹಾಸ. ಆದರೆ ಜೈನಶಾಸ್ತ್ರ ಈ ವ್ಯವಸ್ಥೆಯನ್ನು ಸಮರ್ಥಿಸುತ್ತದೆಯೇ? 9ನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಮನುಷ್ಯಜಾತಿ ಒಂದೇ ಎಂದೂ, ಭೇದಗಳು ಹುಟ್ಟಿದುದು ವೃತ್ತಿಯಿಂದ ಎಂದೂ ಹೇಳಿದರು. ಪಂಪನು 941ರಲ್ಲಿ ಆ ಭಾವವನ್ನು ಕನ್ನಡಕ್ಕೆ ತಂದನು. ಕೃಷಿಯನ್ನು ಲೋಕಕ್ಕೆ ಕಲಿಸಿದವನು ಆದಿತೀರ್ಥಂಕರ ವೃಷಭನಾಥನೇ; ನೇಗಿಲು ಹಿಡಿದವನನ್ನು ಕೀಳೆಂದು ಕಾಣಲು ಅಲ್ಲಿ ಆಸ್ಪದವಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಸಮ್ಯಗ್ದರ್ಶನವುಳ್ಳ ಚಾಂಡಾಲನು ಬೂದಿ ಮುಚ್ಚಿದ ಕೆಂಡದಂತೆ ಪೂಜ್ಯನೆಂದರು. ಅಹಿಂಸಾಣುವ್ರತಕ್ಕೆ ಅವರು ಕೊಟ್ಟ ನಿದರ್ಶನ ಅರಸನೂ ಅಲ್ಲ, ಶ್ರೇಷ್ಠಿಯೂ ಅಲ್ಲ; ಚತುರ್ದಶಿಯಂದು ಕೊಲ್ಲೆನೆಂಬ ನಿಯಮಕ್ಕಾಗಿ ಪ್ರಾಣವನ್ನೇ ಒಡ್ಡಿದ ಚಾಂಡಾಲ ಯಮಪಾಲ. ಪಾಠಶಾಲೆಗಳಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳುವ ಸಮಾಜ ಯಮಪಾಲನ ಕುಲದವರನ್ನು ಅಂಗಳದ ಹೊರಗೆ ನಿಲ್ಲಿಸಿದುದು ಶಾಸ್ತ್ರದಿಂದ ಅಲ್ಲ, ಲೋಕರೂಢಿಯಿಂದ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನೂ ಇಲ್ಲಿ ನೆನೆಯಬೇಕು: ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಶಕ್ತಿ ಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವುಗಳನ್ನು ವಿವರಿಸುವಾಗ ಎತ್ತು ಕೋಣಗಳ ಉದಾಹರಣೆಯನ್ನು ಕೊಡುವುದು ವಾಡಿಕೆ. ಪ್ರಾಣಿಗೆ ಸಲ್ಲುವ ದಯೆ ಮನುಷ್ಯನಿಗೆ ಸಲ್ಲದೆಂದು ಯಾವ ಆಚಾರ್ಯರೂ ಹೇಳಿಲ್ಲ. ಗೇಣಿ ಬಾಕಿಗಾಗಿ ಒಕ್ಕಲನ್ನು ಬಿಡಿಸುವುದು, ಬಿಟ್ಟಿ ಕೆಲಸ ಹೇರುವುದು, ಪಡಿಯನ್ನು ತಡೆಹಿಡಿಯುವುದು ಈ ಐದರಲ್ಲಿ ಯಾವುದಕ್ಕೆ ಸೇರುತ್ತದೆಂಬುದನ್ನು ವಿವೇಕಿಗಳೇ ನಿರ್ಣಯಿಸಬಹುದು.

ಇಂದಿನ ಕರ್ತವ್ಯ

ಪರಿಸ್ಥಿತಿ ಈಗ ಮತ್ತೆ ಬದಲಾಗಿದೆ. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಯುವಕರು ಹೋದಂತೆ ಗದ್ದೆಗಳು ಹಡಿಲು ಬಿದ್ದಿವೆ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದಿದೆ. ಹೆದ್ದಾರಿ ಬದಿಯ ಬೈಲು ಗದ್ದೆ ಮಣ್ಣು ತುಂಬಿ ನಿವೇಶನವಾಗುತ್ತಿದೆ. ಕಾನೂನಿನ ಬೇಲಿ ಸಡಿಲವಾದ ಇಂಥ ಕಾಲದಲ್ಲಿಯೇ ವ್ರತದ ಎಲ್ಲೆಗೆ ಹೆಚ್ಚಿನ ಅರ್ಥ ಬರುತ್ತದೆ. ಕೊಳ್ಳಬಲ್ಲೆನೆಂಬ ಕಾರಣಕ್ಕೆ ಕೊಂಡು ಹಡಿಲು ಬಿಟ್ಟ ಭೂಮಿ ಸಮಂತಭದ್ರರು ಹೇಳಿದ ಅತಿಸಂಗ್ರಹ, ಅತಿಲೋಭಗಳ ಗಡಿಯನ್ನು ದಾಟುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಶ್ರಾವಕ ಕುಟುಂಬಗಳಿಗೂ ಸಾಧ್ಯವಾದ ಕೆಲಸಗಳು ಇವೆ. ಬಸದಿಯ ಅಥವಾ ಮನೆಯ ಜಾಗದಲ್ಲಿ, ಕುಮ್ಕಿಯಲ್ಲಿ ತಲೆಮಾರುಗಳಿಂದ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳಿಗೆ ಹಕ್ಕುಪತ್ರ ಸಿಗುವಾಗ ತಕರಾರು ಹೂಡದೆ ಸಮ್ಮತಿ ಕೊಡುವುದು ಮೊದಲನೆಯದು. ಹಡಿಲು ಬಿದ್ದ ಗದ್ದೆಯನ್ನು ಭೂಮಿಯಿಲ್ಲದವರು ಬೇಸಾಯ ಮಾಡಲು ಸಾಧ್ಯವಾಗುವ ಕಾನೂನುಸಮ್ಮತ ಏರ್ಪಾಡನ್ನು ಹುಡುಕುವುದು ಎರಡನೆಯದು. ಜೀರ್ಣೋದ್ಧಾರದ ವೇಳೆ ಬಸದಿಯ ಚರಿತ್ರೆಯನ್ನು ಅಚ್ಚು ಹಾಕಿಸುವಾಗ ಅರಸರ, ದಾನಿಗಳ ಹೆಸರಿನೊಂದಿಗೆ ಆ ಗದ್ದೆಗಳಲ್ಲಿ ದುಡಿದ ಮನೆಗಳ ಹೆಸರನ್ನೂ ಊರಿನ ಹಿರಿಯರಿಂದ ಕೇಳಿ ಬರೆಯಿಸುವುದು ಮೂರನೆಯದು. ಮೂರನೆಯದಕ್ಕೆ ಖರ್ಚಿಲ್ಲ; ಬೇಕಾದುದು ಮನಸ್ಸು ಮಾತ್ರ.

ಕರಾವಳಿಯಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಇದೆ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕೆ ಸಂಸ್ಥೆ ಕಟ್ಟಿ, ಶಾಲೆಯ ಜೊತೆಗೆ ನಿವೇಶನಕ್ಕೂ ದುಡಿದರು. ಸ್ವಂತ ಸಮಾಜದಿಂದ ದೂಷಣೆಗೆ ಗುರಿಯಾದರೂ ಹಿಂಜರಿಯಲಿಲ್ಲ. ಅಕ್ಷರ ಮತ್ತು ನೆಲ ಎರಡೂ ಇಲ್ಲದೆ ಮನುಷ್ಯನು ತಲೆಯೆತ್ತಲಾರನೆಂಬುದನ್ನು ಅವರು ಅರಿತಿದ್ದರು.

ಚತುರ್ವಿಧ ದಾನಗಳಲ್ಲಿ ಅಭಯದಾನ ಶ್ರೇಷ್ಠವೆಂದು ಹೇಳುತ್ತಾರೆ. ನಾಳೆ ಈ ಜಾಗದಿಂದ ಏಳಬೇಕಾದೀತೆಂಬ ಭಯದಲ್ಲಿ ಮಲಗುವ ಕುಟುಂಬಕ್ಕೆ ಐದು ಸೆಂಟ್ಸ್ ನೆಲದ ಕಾಗದಕ್ಕಿಂತ ದೊಡ್ಡ ಅಭಯವಿಲ್ಲ. ಬಾರಕೂರಿನ ಕತ್ತಲೆ ಬಸದಿಯಲ್ಲಿ ಇಂದು ದೀಪವಿಲ್ಲ. ಹಿಂದೆ ಅಲ್ಲಿ ಉರಿದ ದೀಪಕ್ಕೆ ಅಕ್ಕಿ ಅಳೆದವರ ಸಂತತಿ ಅದೇ ಸೀಮೆಯಲ್ಲಿ ಇದೆ. ಆ ಋಣವನ್ನು ತೀರಿಸುವ ಅವಕಾಶ ಇನ್ನೂ ಮುಗಿದಿಲ್ಲ.